ಅರ್ಧ ಪೆಟ್ಟಿಗೆಯ ಸೈನ್ಯ

ಕೊಲ್ಲಂ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರೈಲು ಜೋರಾಗಿ ಕುಲುಕಿತು. ಕಲ್ಯಾಣಿ ತೊಡೆಯ ಮೇಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ಎರಡೂ ಕೈಗಳಿಂದ ಅವುಚಿ ಹಿಡಿದಳು. ಎದುರಿಗೆ ಕೂತ ಹೆಂಗಸು ಡಬ್ಬಿಯನ್ನೂ ಇವಳ ಮುಖವನ್ನೂ ನೋಡಿ, "ಪಲಹಾರಮಾಣೋ?" ಎಂದಳು. ತಿಂಡಿಯೇ ಎಂದು ಕೇಳುತ್ತಿದ್ದಾಳೆ. ಕಲ್ಯಾಣಿ ಹೌದೆಂದು ತಲೆಯಾಡಿಸಿದಳು. ಗಂಡನಿಗೋ ಎಂಬ ಮುಂದಿನ ಪ್ರಶ್ನೆಗೂ ಹೌದೆಂದಳು. ಅದು ಪೂರಾ ಸುಳ್ಳೇನಲ್ಲ ಎನ್ನಿಸಿ ತುಟಿಯಂಚಿಗೆ ನಗು ಬಂತು. ಬಂದ ಕೂಡಲೇ ಆ ನಗುವಿನ ಬಗ್ಗೆ ಅವಳಿಗೇ ಹೇಸಿಗೆಯಾಯಿತು. ಡಬ್ಬಿಯೊಳಗೆ ಹತ್ತಿಯ ಹಾಸಿನ ಮೇಲೆ ಹೆಬ್ಬೆರಳುದ್ದದ ಹಸಿರು ಮೈಯ ದೆವ್ವಗಳು, ಒಂದರ ಈಟಿ ಇನ್ನೊಂದರ ಕಣ್ಣಿಗೆ ಚುಚ್ಚದ ಹಾಗೆ, ಹಳೆಯ ರವಿಕೆಯ ಚಿಂದಿಗಳನ್ನು ಹೊದ್ದು ಮಲಗಿದ್ದವು. ಎಲ್ಲವನ್ನೂ ಅವಳೇ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದದ್ದು. ಕೊಚ್ಚಿಯ ಎಡಪ್ಪಳ್ಳಿಯ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನ ಗಾಜಿನ ಹಿಂದೆ ಕೂರುವ, ನಲವತ್ತರ ಅಂಚಿಗೆ ಬಂದ ಹೆಂಗಸೊಬ್ಬಳು ಶನಿವಾರ ರಜೆ ಹಾಕಿ, ಗೊಂಬೆಗಳ ದಂಡು ಕಟ್ಟಿಕೊಂಡು ಗಂಡನ ಮೇಲೆ ಹೊರಟಿದ್ದಾಳೆ ಎಂದರೆ ಈಕೆ ನಂಬುತ್ತಿದ್ದಳೇ? ಕಿಟಕಿಯಾಚೆ ತೆಂಗಿನ ಮರಗಳ ನಡುವೆ ಹಿನ್ನೀರು ಕಂಡು ಮರೆಯಾಯಿತು. ಅವಳಿಗೆ ಕಾಣಿಸುತ್ತಿದ್ದದ್ದು ಗಂಡ ಕಾಶೀನಾಥನ ಊಟದ ಮೇಜು.

ಕಾಶೀನಾಥ ತಿರುವನಂತಪುರದ ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನ ಕಡೆಗೆ ಹೋಗುವ ರಸ್ತೆಯ ಒಂದು ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದ; ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಧಾರವಾಡದಲ್ಲಿ ಮದುವೆಯಾದಂದಿನಿಂದ ಅವನ ವರ್ಗ ಒಂದು ದಿಕ್ಕಿಗಾದರೆ ಇವಳದು ಇನ್ನೊಂದು ದಿಕ್ಕಿಗೆ. ಕೊನೆಗೂ ಇಬ್ಬರೂ ಕೇರಳಕ್ಕೇ ಬಂದು ಬಿದ್ದಾಗ, ಇನ್ನೇನು ತಿರುವನಂತಪುರಕ್ಕೆ ವರ್ಗ ಕೇಳಿಕೊಂಡರಾಯಿತು, ಒಂದೇ ಒಲೆ, ಒಂದೇ ಬೀಗದ ಕೈ ಎಂದು ಅವಳು ಹಿಗ್ಗಿದ್ದಳು. "ಈಗ್ಯಾಕ ಅವಸರಾ? ಕೊಚ್ಚಿ ಛಲೋ ಊರು, ಅಲ್ಲೇ ಇರು ಇನ್ನೊಂದಿಷ್ಟು ದಿನ," ಎಂದಿದ್ದ ಅವನು. ಯಾಕೆಂದು ಅವಳಿಗೆ ತಿಳಿದದ್ದು ಎರಡನೆಯ ಕೋಣೆಯ ಬಾಗಿಲು ತೆರೆದಾಗ. ಕಪಾಟಿನ ತುಂಬ, ಕಿಟಕಿಯ ಕಟ್ಟೆಯ ತುಂಬ, ಬಿಳಿ ಕುದುರೆಗಳ ಮೇಲೆ ಕೂತ ಇಂಗ್ಲಿಷ್ ಕಥೆಗಳ ಚೂಪು ಕಿವಿಯ ಎಲ್ಫ್ ಸರದಾರರ ಪುಟ್ಟ ಗೊಂಬೆಗಳು, ನೀಲಿ ನಿಶಾನೆ ಹಿಡಿದು ಅವಳನ್ನೇ ನೋಡುತ್ತಿದ್ದವು. ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗ ಶ್ರೀನಿಧಿ ಕಂಪನಿಯ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿ ಬರುವಾಗ ಗೊಂಬೆ ದಂಡುಗಳ ಈ ಯುದ್ಧದಾಟ ತಂದಿದ್ದನಂತೆ. ಕನ್ನಡ ಸಂಘದ ಯುಗಾದಿಯಲ್ಲಿ ಕಾಶೀನಾಥನ ಪರಿಚಯವಾಗಿ, ಈ ಫ್ಲ್ಯಾಟಿನಲ್ಲಿ ದೊಡ್ಡ ಮೇಜಿದೆ ಎಂದು ಗೊತ್ತಾಗಿ, ಶನಿವಾರ ಶನಿವಾರ ಅವನೂ ಅವನ ಜೊತೆ ಕೆಲಸ ಮಾಡುವ ಬೆಂಗಳೂರಿನ ಜೀವಿತಾಳೂ ಇಲ್ಲಿಗೇ ಬರತೊಡಗಿದ್ದರು. ಅವರು ಕಾಶೀನಾಥನನ್ನು 'ಸರ್' ಎನ್ನುತ್ತಿದ್ದರು. ಆ ಶಬ್ದ ಕಿವಿಗೆ ಬಿದ್ದಾಗ ಅವನ ಬೆನ್ನು ನೆಟ್ಟಗಾಗುವುದನ್ನು ಕಲ್ಯಾಣಿ ನೋಡಿದ್ದಳು. ಹೆಂಡತಿ ಕರೆದಾಗ ಆ ಬೆನ್ನು ಹಾಗಾದದ್ದನ್ನು ಅವಳು ಕಂಡಿರಲಿಲ್ಲ.

ಕಳೆದ ದೀಪಾವಳಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದಳು. ಮಲಗುವ ಕೋಣೆಯ ಮಂಚದ ಮೇಲೆ ಪೇಪರು ಹಾಸಿ ಕುದುರೆಗಳನ್ನು ಒಣಗಲು ಇಟ್ಟಿದ್ದ. "ಬಣ್ಣ ಹಸಿ ಅದ. ನೀ ಇವತ್ತೊಂದಿನ ಹಾಲಿನ್ಯಾಗ ಮಲಕೋ," ಎಂದ. ಅವಳು ದಿವಾನಿನ ಮೇಲೆ ಮುದುಡಿ ಮಲಗಿದಳು. ಗೋಡೆಯಾಚೆ ತನ್ನ ಜಾಗದಲ್ಲಿ ಕುದುರೆಗಳು ನಿಂತಿವೆ ಎಂಬುದನ್ನು ನಗೆಚಾಟಿಕೆ ಮಾಡಿಕೊಳ್ಳಲು ನೋಡಿದಳು; ಆಗಲಿಲ್ಲ. ಮರುದಿನ ಶ್ರೀನಿಧಿ, ಜೀವಿತಾ ಬಂದರು. ಮೇಜಿನ ತುಂಬ ಹಸಿರು ಬಟ್ಟೆ, ಥರ್ಮೊಕೋಲಿನ ಗುಡ್ಡ, ಎರಡು ಕಡೆ ದಂಡು. ಹೋಳಿಗೆಯ ತಟ್ಟೆ ಇಡಲು ಜಾಗ ಮಾಡೋಣವೆಂದು ಅವಳು ಒಂದು ಕುದುರೆಯನ್ನು ಎತ್ತಿದ್ದೇ ತಡ, ಟಿಕ್ ಎಂದು ಭರ್ಜಿ ಮುರಿಯಿತು. "ಏ! ಕೈ ಹಚ್ಚಬ್ಯಾಡ!" ಎಂದು ಕಾಶೀನಾಥ ಕೂಗಿದ. ಕಳ್ಳನನ್ನು ಕಂಡವರ ಕೂಗು. ಆಮೇಲೆ ಹುಡುಗರು ಇದ್ದಾರೆಂಬುದು ನೆನಪಾಗಿ ಅದನ್ನು ತಮಾಷೆಗೆ ತಿರುಗಿಸಲು, "ನೋಟು ಎಣಿಸೋ ಕೈ ನೋಡ್ರಿ ಇದು. ಉಗುಳು ಹಚ್ಚಿ ಎಣಿಸೂದು ಬಿಟ್ರ ಇದಕ್ಕ ಏನೂ ತಿಳಿಯೂದಿಲ್ಲ," ಎಂದ. ಶ್ರೀನಿಧಿ ನಕ್ಕ. ಜೀವಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಲ್ಯಾಣಿಯೂ ನಕ್ಕಳು, ನಗದೆ ಇದ್ದರೆ ಇನ್ನೂ ಅವಮಾನ. ನಗುತ್ತಲೇ ಎಲ್ಲರ ತಟ್ಟೆಗೂ ತುಪ್ಪ ಬಡಿಸಿದಳು. 'ಇದಕ್ಕ' ಎಂದದ್ದು ಕೈಗೋ ತನಗೋ? ಕೊಚ್ಚಿಗೆ ಮರಳುವ ರೈಲಿನಲ್ಲಿ, ಕೌಂಟರಿನ ಹಿಂದೆ, ತರಕಾರಿ ಹೆಚ್ಚುವಾಗ, ಆ ಒಂದು ಶಬ್ದವನ್ನು ಅವಳು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದಳು. ನೋಟು ಎಣಿಸುವಾಗ ಬೆರಳು ನಾಲಗೆಯ ಹತ್ತಿರ ಹೋಗಿ ತಡೆಯುತ್ತಿತ್ತು. ಸ್ಪಂಜಿನ ಬಟ್ಟಲು ಪಕ್ಕದಲ್ಲೇ ಇತ್ತು, ಎಂದಿನಿಂದಲೂ ಇತ್ತು. ತಾನು ಎಂದೂ ಉಗುಳು ಹಚ್ಚಿ ಎಣಿಸಿದವಳಲ್ಲ ಎಂದು ಆಗ ಹೇಳಬೇಕಿತ್ತು.

ಬ್ಯಾಂಕಿನಲ್ಲಿ ಅವಳಿಗೆ ಕನ್ನಡದ ಮಾತಿಗೆ ಸಿಗುತ್ತಿದ್ದವಳು ಜುಬೈದಾ ಒಬ್ಬಳೇ. ಕಾಸರಗೋಡಿನವಳು, ಕನ್ನಡ ಶಾಲೆಯಲ್ಲಿ ಓದಿದವಳು, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ತಡವಿಲ್ಲದ ಹೆಂಗಸು. ಅವಳ ತಮ್ಮ ದುಬೈಯಿಂದ ಊರಿಗೆ ಬರುತ್ತಾನೆಂದು ತಿಳಿದಾಗ ಕಲ್ಯಾಣಿ ಆಟದ ಹೆಸರು ಬರೆದು ಕೊಟ್ಟಳು. ಬಂದ ಪೆಟ್ಟಿಗೆ ಕುಕ್ಕರಿನ ಪೆಟ್ಟಿಗೆಗಿಂತ ದೊಡ್ಡದಿತ್ತು. ಒಳಗೆ ಒಂದಲ್ಲ, ಎರಡು ಸೈನ್ಯ: ಒಂದು ಕಡೆಗೆ ಗಡ್ಡದ ಕುಳ್ಳರು, ಇನ್ನೊಂದು ಕಡೆಗೆ ಗಾಬ್ಲಿನ್ ಎಂಬ ದೆವ್ವಗಳು. ಹೊಸಬರಿಬ್ಬರು ಹಂಚಿಕೊಂಡು ಕಲಿಯಲಿ ಎಂದು ಹಾಗೆ ಮಾಡಿದ್ದರು. ಎಲ್ಲವೂ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು; ಕೈ ಬೇರೆ, ತಲೆ ಬೇರೆ, ಗುರಾಣಿ ಬೇರೆ. ಜುಬೈದಾ ಬಗ್ಗಿ ನೋಡಿ, "ಅಯ್ಯೋ, ಇದೆಂತದು ಮೇಡಂ, ಕುಟ್ಟಿಚ್ಚಾತ್ತನ್‌ಗಳ ಪೌಜು!" ಎಂದು ಮಲಯಾಳಿಗಳ ತುಂಟ ಮರಿಭೂತಗಳ ಹೆಸರೆತ್ತಿ ಕೂಗಿದಳು. "ನನಗೆ ಈ ಗಡ್ಡದವರು ಸಾಕು. ನಮ್ಮ ಅಜ್ಜನ ಹಾಗೆ ಉಂಟು ಮೋರೆ." ಕಲ್ಯಾಣಿಗೆ ಬೇಕಾದದ್ದು ದೆವ್ವಗಳೇ. ಒಂದೊಂದಾಗಿ ನೋಡಿದರೆ ಕೈಲಾಗದವು, ಹೆದರುಪುಕ್ಕಲು, ಎಲ್ಫ್ ಸರದಾರನ ಒಂದೇ ಏಟಿಗೆ ನಾಲ್ಕು ಉರುಳುವಂಥವು. ಆದರೆ ಗುಂಪು ಕಟ್ಟಿ, ಸುತ್ತುವರಿದು, ಕಾಲಿಗೆ ತೊಡರಿಕೊಂಡು ಬೀಳಿಸುವ ಜಾತಿ. ಉಗುರು ಕತ್ತರಿಯಲ್ಲಿ ಅವುಗಳನ್ನು ಚೌಕಟ್ಟಿನಿಂದ ಬಿಡಿಸಿದಳು, ಬ್ಲೇಡಿನಲ್ಲಿ ಅಂಚು ಕೆರೆದಳು. ಮೊದಲು ಬಳಿದವುಗಳ ಮುಖ ಬಣ್ಣ ದಪ್ಪಗಾಗಿ ಮುಚ್ಚಿಹೋಯಿತು. ಆಮೇಲೆ ನೀರು ಬೆರೆಸಿ ತೆಳ್ಳಗೆ ಮೂರು ಸಲ ಬಳಿಯುವುದು ತಿಳಿಯಿತು. ಕೂದಲೆಳೆಯ ಕುಂಚದಿಂದ ಕಣ್ಣಿಗೆ ಹಳದಿ ಚುಕ್ಕೆ ಇಡುವಾಗ ಉಸಿರು ಬಿಗಿಹಿಡಿಯುವುದು ತಿಳಿಯಿತು. ಪ್ರತಿಯೊಂದು ಮುಖಕ್ಕೂ ಒಂದೊಂದು ಬಗೆಯ ಸಿಟ್ಟು ಕೊಟ್ಟಳು. ಕಾಶೀನಾಥ ಫೋನು ಮಾಡಿ ಕಚೇರಿಯ ಸುದ್ದಿ, ತನ್ನ ಕುದುರೆಗಳ ಸುದ್ದಿ ಹೇಳುತ್ತಿದ್ದರೆ, ಕುಂಚ ಹಿಡಿದ ಕೈ ಅಲುಗದ ಹಾಗೆ ಹೂಂ ಹೂಂ ಎನ್ನುತ್ತಿದ್ದಳು. ಒಂದು ದಿನ ಅವನ ಫೋನು ಬಂದಾಗ, ಈಗ ಯಾಕೆ ಬಂತಪ್ಪ ಎಂದು ಬೇಸರವಾಯಿತು. ಬೇಸರಕ್ಕೆ ಕಾರಣ ತಿಳಿದು ಅವಳು ದಂಗಾದಳು. ದ್ವೇಷಕ್ಕೆಂದು ಹಿಡಿದ ಕೆಲಸ ಕೈಗೆ ಇಷ್ಟವಾಗಿಬಿಟ್ಟಿತ್ತು. ಅದೊಂದು ಮೋಸದ ಹಾಗೆ ಕಂಡಿತು, ಯಾರಿಗೆ ಮಾಡಿದ ಮೋಸ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಶನಿವಾರ ಮಧ್ಯಾಹ್ನ ವ್ಯವಹಾರ ಮುಗಿದ ಮೇಲೆ ಬ್ಯಾಂಕಿನ ಊಟದ ಕೋಣೆಯಲ್ಲಿ ಎರಡು ಮೇಜು ಜೋಡಿಸಿ ಇಬ್ಬರೂ ಆಡುತ್ತಿದ್ದರು. ಚದುರಂಗದಂತೆ ಇಲ್ಲಿ ಮನೆಗಳಿಲ್ಲ. ಟೇಪು ಹಿಡಿದು, ಒಂದೊಂದು ದಂಡಿಗೂ ಗೊತ್ತುಮಾಡಿದ ಇಂಚಿನ ಲೆಕ್ಕದಲ್ಲಿ ನಡೆಸಬೇಕು. ಶತ್ರುವಿನ ಮೇಲೆ ಏರಿ ಹೋಗುವುದಾದರೆ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಅಳೆಯಬೇಕು. ಅಳತೆ ಸಾಲದೆ ಹೋದರೆ ದಂಡು ಬಯಲಿನ ನಡುವೆ ಮುಗ್ಗರಿಸಿ ನಿಂತು, ಎದುರಾಳಿಯ ಕೈಗೆ ತುತ್ತಾಗುತ್ತದೆ. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಒಂದು ಶನಿವಾರ ಕಲ್ಯಾಣಿ ಏರುತ್ತೇನೆಂದು ಹೇಳಿ ಟೇಪು ಚಾಚಿದಳು. ಇಷ್ಟೇ ಇಷ್ಟು ಕಡಿಮೆ. ಟೇಪು ಎತ್ತುವಾಗ ಅವಳ ಹೆಬ್ಬೆರಳು, ಅವಳಿಗೇ ತಿಳಿಯದೆ, ದೆವ್ವಗಳ ಸಾಲನ್ನು ಮುಂದಕ್ಕೆ ನೂಕಿತು. "ಮೇಡಂ, ಹೆಬ್ಬೆರಳು! ಹೆಬ್ಬೆರಳು!" ಎಂದು ಜುಬೈದಾ ಚಪ್ಪಾಳೆ ತಟ್ಟಿ ನಕ್ಕಳು. ಕಲ್ಯಾಣಿ ನಗಲಿಲ್ಲ. ಆ ಹೆಬ್ಬೆರಳನ್ನು ಅವಳು ಹಿಂದೆ ನೋಡಿದ್ದಳು. ದೀಪಾವಳಿಯ ದಿನ, ತುಪ್ಪದ ಗಿಂಡಿ ಹಿಡಿದು ನಿಂತಾಗ, ಟೇಪು ಎತ್ತುವ ಕಾಶೀನಾಥನ ಕೈಯ ಕೆಳಗೆ ಬಿಳಿ ಕುದುರೆಗಳು ನವಿರಾಗಿ ಜಾರಿದ್ದವು. ಗಾಜಿನಾಚೆಯ ಕೈಗಳನ್ನು ನೋಡುತ್ತಲೇ ಅರ್ಧ ಆಯುಷ್ಯ ಕಳೆದವಳ ಕಣ್ಣು ಅದನ್ನು ಆಗಲೇ ಹಿಡಿದಿಟ್ಟಿತ್ತು. ಅರ್ಥ ಇವತ್ತು ಹೊಳೆಯಿತು. ಸಂಕ್ರಾಂತಿಗೆ ಹೋದಾಗ ಮೂಲೆಯಲ್ಲಿ ಪೇಪರು ಹಿಡಿದು ಕೂತು ನೋಡಿದಳು. ಒಮ್ಮೆಯಲ್ಲ, ಆಟದುದ್ದಕ್ಕೂ ಜಾರಿಸುತ್ತಿದ್ದ. ಹುಡುಗರು 'ಸರ್, ಸೂಪರ್ ಚಾರ್ಜ್ ಸರ್' ಎನ್ನುತ್ತಿದ್ದರು. ಪೇಪರಿನ ಹಿಂದೆ ಅವಳ ಮೈ ಬಿಸಿಯಾಯಿತು. ಬಾಯಿಗೆ ಸಿಹಿ ಬಂದಂತಾಯಿತು.

ಅದನ್ನೂ, ಹುಡುಗರ ಎದುರೇ ಅವನನ್ನು ಹಿಡಿಯುವ ಯೋಚನೆಯನ್ನೂ ಜುಬೈದಾಳಿಗೆ ಹೇಳಿದ್ದು ತಪ್ಪಾಯಿತೇನೋ. ಜುಬೈದಾ ತನ್ನ ಗಡ್ಡದವರನ್ನು ಪೆಟ್ಟಿಗೆಗೆ ತುಂಬುತ್ತಾ, "ಆಡಿ ಸೋಲಿಸ್ಲಿಕ್ಕೆ ನಿಮ್ಮಿಂದ ಆಗ್ತದೆ ಮೇಡಂ, ನೀವು ಚಂದ ಆಡ್ತೀರಿ. ಮತ್ತೆ ಇದೆಲ್ಲ ಎಂತಕ್ಕೆ?" ಎಂದಳು.

"ನನಗ ಮಂದಿ ಮುಂದ ಅಂದಾರ. ಮಂದಿ ಮುಂದೇ ಆಗಬೇಕು."

"ಆಗಿ ಆದ ಮೇಲೆ ಅವರು ಹೋಗ್ತಾರೆ, ಆ ಮಂದಿ. ಮನೆಯಲ್ಲಿ ನೀವಿಬ್ಬರೇ ಅಲ್ವಾ ಉಳಿಯುದು?" ಎಂದಳು ಜುಬೈದಾ. ಕಲ್ಯಾಣಿ ದೆವ್ವಗಳಿಗೆ ಚಿಂದಿ ಹೊದೆಸಿದಳು.

ಅವಳು ರೈಲಿಳಿದು ಉಳ್ಳೂರಿಗೆ ಬಂದು ಗಂಟೆ ಒತ್ತಿದಾಗ, ಬಾಗಿಲು ತೆರೆದ ಕಾಶೀನಾಥನ ಕೈಯಲ್ಲಿ ಸೌಟು ಇತ್ತು. "ಫೋನ್ ಮಾಡಿ ಬರಬಾರದೇನು? ಅಕ್ಕಿ ಹೆಚ್ಚಿಗಿ ಹಾಕ್ತಿದ್ದೆ," ಎಂದ. ಶ್ರೀನಿಧಿ, ಜೀವಿತಾ ಮೇಜಿಗೆ ಹಸಿರು ಬಟ್ಟೆ ಹಾಸುತ್ತಿದ್ದರು. ಕಲ್ಯಾಣಿ ಚಪ್ಪಲಿ ಬಿಟ್ಟು ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. "ಇವತ್ತ ನಾನೂ ಆಡ್ತೀನಿ," ಎಂದಳು. ಕಾಶೀನಾಥ ಸೌಟು ಇಟ್ಟು, ಲುಂಗಿಗೆ ಕೈ ಒರೆಸಿಕೊಂಡು ಒಂದು ದೆವ್ವವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ತಿರುಗಿಸಿ ನೋಡಿದ. "ಯಾರು ಬಣ್ಣ ಹಚ್ಯಾರ ಇದಕ್ಕ?"

"ನಾನ."

"ಸುಳ್ಳ ಹೇಳಬ್ಯಾಡ." ಅವನ ಮುಖ ಮೆಲ್ಲಗೆ ಅರಳುವುದನ್ನು ಅವಳು ನೋಡಿದಳು. ಅಪ್ಪಟ ಸಂತೋಷ; ಮದುವೆಯ ಹೊಸತರಲ್ಲಿ ತಾನು ಸೈಕಲ್ಲು ಕಲಿತು ಅವನ ಕಚೇರಿಯ ತನಕ ಹೋದ ದಿನ ಕಂಡಿದ್ದ ಮುಖ. "ಜೀವಿತಾ, ನೋಡ್ರಿ ಇಲ್ಲೆ, ಈ ಹಲ್ಲು ನೋಡ್ರಿ. ಎಂಥಾ ಕೈ ಅದು!" ಎಂದ. ಕಲ್ಯಾಣಿಯ ಎದೆಯಲ್ಲಿ ಏನೋ ಕರಗಿ ಇಳಿಯಿತು. ಇಷ್ಟಕ್ಕೇನಾ ತಾನು ಬಂದದ್ದು, ಇದೊಂದು ಮಾತಿಗೇನಾ ಇಷ್ಟೂ ತಿಂಗಳ ಹಲ್ಲು ಕಚ್ಚುವಿಕೆ ಎನ್ನಿಸಿತು. ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅವನು ಹುಡುಗರ ಕಡೆ ತಿರುಗಿ, "ನಾ ಆಡೂದು ನೋಡಿ ನೋಡಿ ಕಲತಾಳ. ನಂದ ಪಾಠ," ಎಂದ. ಕರಗಿದ್ದು ಅಲ್ಲೇ ಗಡ್ಡೆ ಕಟ್ಟಿತು.

ಆಟ ಶುರುವಾಯಿತು. ಕಲ್ಯಾಣಿ ಒಂದು ಗುಂಪನ್ನು ಗುಡ್ಡದ ಹಿಂದೆ ಬಿಟ್ಟು, ಇನ್ನೊಂದನ್ನು ಬಯಲಿನಲ್ಲಿ ಬೇಕೆಂದೇ ಒಂಟಿಯಾಗಿ ನಿಲ್ಲಿಸಿದಳು; ಕುದುರೆಗಳಿಗೆ ಆಸೆ ಹುಟ್ಟಿಸುವಷ್ಟು ಹತ್ತಿರ, ತಲುಪಲಾರದಷ್ಟು ದೂರ. ಕಾಶೀನಾಥ ಮೀಸೆ ತೀಡಿದ. "ಏರಿ ಹೋಗ್ತೀನಿ," ಎಂದು ಗಟ್ಟಿಯಾಗಿ ಹೇಳಿ ಟೇಪಿಗೆ ಕೈ ಹಾಕಿದ. ಅವಳು ತುರುಬಿನಿಂದ ಒಂದು ಹೇರ್‌ಪಿನ್ ತೆಗೆದು, ಮೊದಲ ಸಾಲಿನ ಕುದುರೆಗಳ ಗೊರಸಿಗೆ ತಾಗಿಸಿ ಅಡ್ಡಲಾಗಿ ಇಟ್ಟಳು. ಅವನು ನೋಡಿದನೋ ಇಲ್ಲವೋ. ಅಭ್ಯಾಸವಾದ ಕೈ ತನ್ನ ಕೆಲಸ ತಾನು ಮಾಡಿತು: ಟೇಪು ಚಾಚಿತು, ಎತ್ತಿತು, ಎತ್ತುವಾಗ ಹೆಬ್ಬೆರಳು ಜಾರಿತು. ಹೇರ್‌ಪಿನ್ನು ಇದ್ದಲ್ಲೇ ಇತ್ತು. ಕುದುರೆಗಳು ಅದನ್ನು ದಾಟಿ ಬೆರಳಗಲ ಮುಂದೆ ನಿಂತಿದ್ದವು.

"ಇನ್ನೊಮ್ಮೆ ಅಳೀರಿ," ಎಂದಳು ಕಲ್ಯಾಣಿ. ಕೌಂಟರಿನಲ್ಲಿ ಚೆಕ್ಕು ವಾಪಸು ಕೊಡುವಾಗಿನ ದನಿ. "ಆ ಪಿನ್ನಿನಿಂದ ಅಳೀರಿ."

ಕಾಶೀನಾಥನ ಕಿವಿ ಕೆಂಪಾಯಿತು. "ಕೈ ತಾಗಿರಬೇಕು."

"ಸಂಕ್ರಾಂತಿಗೂ ತಾಗಿತ್ತು. ದೀಪಾವಳಿಗೂ ತಾಗಿತ್ತು. ನಾ ನೋಡೀನಿ."

ಅವಳು ಹುಡುಗರ ಮುಖ ನೋಡಿದಳು. ಇದೇ ಗಳಿಗೆಗೆ ಅವಳು ಕಾದಿದ್ದು: ಆ ಇಬ್ಬರ ಕಣ್ಣಲ್ಲಿ ಸರ್ ಎಂಬ ಮನುಷ್ಯ ಕುಸಿದು ಬೀಳಬೇಕು. ಆದರೆ ಅವರ ಮುಖದಲ್ಲಿ ಅಚ್ಚರಿ ಇರಲಿಲ್ಲ. ದೊಡ್ಡವರ ಮನೆಜಗಳದ ನಡುವೆ ಸಿಕ್ಕಿಬಿದ್ದವರ ಮುಜುಗರ ಮಾತ್ರ ಇತ್ತು. ಶ್ರೀನಿಧಿ ಸಮಾಧಾನ ಮಾಡುವವನ ಹಾಗೆ ಕೈ ಎತ್ತಿ, "ಬಿಟ್ಬಿಡಿ ಮೇಡಂ. ಸರ್‌ದು ಯಾವಾಗ್ಲೂ ಹಾಗೇನೇ. ನಾವು ಅದನ್ನ ಕಾಶಿ ಇಂಚು ಅಂತೀವಿ," ಎಂದು ನಕ್ಕುಬಿಟ್ಟ.

"ಶ್ರೀನಿಧಿ!" ಎಂದಳು ಜೀವಿತಾ.

"ಏನಂತೀರಿ?" ಎಂದು ಕಾಶೀನಾಥ ಕೇಳಿದ. ಶ್ರೀನಿಧಿ ದಾಳಗಳನ್ನು ಒಟ್ಟುಮಾಡತೊಡಗಿದ. "ಏನಂತೀರಪಾ? ಹೇಳು."

ಜೀವಿತಾ ಮುಂದೆ ಬಂದಳು. ಒಳ್ಳೆಯ ಹುಡುಗಿ, ನೋವಾಗದ ಹಾಗೆ ಹೇಳಬೇಕೆಂದು ನಿಜವಾಗಿಯೂ ಬಯಸಿದಳು. "ತಮಾಷೆಗೆ ಸರ್. ನಮಗ್ಯಾರಿಗೂ ಬೇಜಾರಿಲ್ಲ. ನೀವು ಮನೆ ಕೊಡ್ತೀರಾ, ಊಟ ಹಾಕ್ತೀರಾ, ಒಂದೆರಡು ಇಂಚು ಏನು ಮಹಾ ಸರ್?"

ಕಾಶೀನಾಥ ಮೇಜಿನ ಅಂಚು ಹಿಡಿದುಕೊಂಡ. ಅವನು ಕಲ್ಯಾಣಿಯ ಕಡೆ ನೋಡಲೇ ಇಲ್ಲ; ತನ್ನ ಕುದುರೆಗಳನ್ನು ನೋಡುತ್ತಿದ್ದ. ಗೆದ್ದ ಒಂದೊಂದು ಶನಿವಾರವೂ ಅವನ ಕಣ್ಣೆದುರು ಹಾದು ಹೋಗುತ್ತಿರಬೇಕು, ಚಪ್ಪಾಳೆ ತಟ್ಟಿದವರ ಕಣ್ಣು ಆಗ ಒಬ್ಬರನ್ನೊಬ್ಬರು ಹೇಗೆ ಸಂಧಿಸಿದ್ದವು ಎಂಬುದೂ. ಕಲ್ಯಾಣಿಗೆ ಮೊದಲು ಆದದ್ದು ಖುಷಿಯೇ. ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ತಾನು ಎಸೆದ ಕಲ್ಲು ತಾನು ಎಣಿಸಿದ್ದಕ್ಕಿಂತ ಆಳಕ್ಕೆ ಹೋಗಿತ್ತು. ಆ ಖುಷಿಯ ಬೆನ್ನಿಗೇ, ಕರೆಯದೆ, ಈ ಹುಡುಗರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ತನ್ನ ಗಂಡನಿಗೆ ಭಿಕ್ಷೆ ಹಾಕಲು ಇವರು ಯಾರು?

ಊಟ ಮಾಡಿ ಹೋಗಿ ಎಂದು ಯಾರೂ ಹೇಳಲಿಲ್ಲ. ಕಂಪನಿಯ ಕ್ಯಾಬು, ಯಾರದೋ ಹುಟ್ಟುಹಬ್ಬ ಎಂದು ಏನೇನೋ ಹೇಳಿ ಇಬ್ಬರೂ ಹೊರಟರು. ಜೀವಿತಾ ಬಾಗಿಲಲ್ಲಿ ಕಲ್ಯಾಣಿಯ ಕೈ ಮುಟ್ಟಿ, "ಸಾರಿ ಮೇಡಂ," ಎಂದಳು, ಸಾವಿನ ಮನೆಯಿಂದ ಹೊರಡುವವರ ಹಾಗೆ. ಲಿಫ್ಟಿನ ಬಾಗಿಲು ಮುಚ್ಚುವ ಮೊದಲೇ ಒಳಗಿನಿಂದ ಪಿಸುಮಾತು ಕೇಳಿಸಿತು. ಅಡಿಗೆಮನೆಯಲ್ಲಿ ಸಾರು ಕುದಿದು ಉಕ್ಕುತ್ತಿತ್ತು. ಕಲ್ಯಾಣಿ ಹೋಗಿ ಗ್ಯಾಸು ಆರಿಸಿ ಬಂದಳು.

"ದೀಪಾವಳಿಯಿಂದ ಗೊತ್ತಿತ್ತು," ಎಂದ ಕಾಶೀನಾಥ. ಕೇಳಿದ್ದಲ್ಲ, ಹೇಳಿದ್ದು. "ಇಬ್ಬರೇ ಇದ್ದಾಗ ಹೇಳಬಹುದಿತ್ತು."

"ಹೇಳಬಹುದಿತ್ತು. ನೀವೂ ಇಬ್ಬರೇ ಇದ್ದಾಗ ಅನ್ನಬಹುದಿತ್ತು."

"ಏನಂದೆ ನಾ?"

ಅವಳು ಅವನ ಮುಖವನ್ನೇ ನೋಡಿದಳು. ನಾಟಕವಿರಲಿಲ್ಲ. "ನೋಟು ಎಣಿಸೋ ಕೈ ಅಂದ್ರಿ. ಉಗುಳು ಹಚ್ಚತದ, ಇದಕ್ಕ ಏನೂ ತಿಳಿಯೂದಿಲ್ಲ ಅಂದ್ರಿ. ಆ ಇಬ್ಬರ ಮುಂದ." ಇಷ್ಟು ತಿಂಗಳು ಬೆಂಕಿಯಂತೆ ಕಾಯ್ದಿಟ್ಟ ಮಾತು ಬಾಯಿಂದ ಹೊರಬಿದ್ದಾಗ ಎಷ್ಟು ಚಿಕ್ಕದಾಗಿತ್ತು. ಕಾಶೀನಾಥ ಹಣೆ ಉಜ್ಜಿಕೊಂಡು ನೆನಪು ಮಾಡಿಕೊಳ್ಳಲು ನೋಡಿದ. ಪ್ರಾಮಾಣಿಕವಾಗಿ ನೋಡಿದ. ಸಿಗಲಿಲ್ಲ. "ಅಂದಿರಬೇಕು," ಎಂದ ಕೊನೆಗೆ. "ನೀ ಸುಳ್ಳ ಹೇಳಾಕಿ ಅಲ್ಲ."

ಕಲ್ಯಾಣಿ ಕುರ್ಚಿಯ ಮೇಲೆ ಕೂತಳು. ತನ್ನ ಸೇಡು ಯಾವ ಗಾಯದ ಮೇಲೆ ನಿಂತಿತ್ತೋ ಆ ಗಾಯ ಮಾಡಿದವನಿಗೇ ಅದರ ಗುರುತಿರಲಿಲ್ಲ. ಕ್ಷಮಿಸು ಎಂದಿದ್ದರೆ ಅವಳು ಬೇಡವೆನ್ನಬಹುದಿತ್ತು. ಜಗಳವಾಡಿದ್ದರೆ ಡಬ್ಬಿ ಮುಚ್ಚಿ ಸಂಜೆಯ ರೈಲು ಹಿಡಿಯಬಹುದಿತ್ತು. ಅವನು ಎರಡೂ ಮಾಡಲಿಲ್ಲ. ಹೊರಗೆ ಆಂಬ್ಯುಲೆನ್ಸೊಂದು ಕೂಗುತ್ತಾ ಮೆಡಿಕಲ್ ಕಾಲೇಜಿನ ಕಡೆ ಹೋಯಿತು. ಅದರ ಸದ್ದು ಅಡಗಿದ ಮೇಲೆ ಅವನು ಕುದುರೆಗಳನ್ನು ಒಂದೊಂದಾಗಿ ಎತ್ತಿ ಹೇರ್‌ಪಿನ್ನಿನ ಹಿಂದಕ್ಕೆ ಸರಿಸಿ, ಗೊರಸು ತಾಗುವ ಹಾಗೆ ಸಾಲು ಮಾಡಿದ.

"ಆಟ ಮುಗಸೋಣು," ಎಂದ.

ಅವಳು ಎದ್ದು ತನ್ನ ಕಡೆಗೆ ಬಂದು ನಿಂತಳು. ಅವನು ಟೇಪು ಚಾಚಿದ. ಈ ಸಲ ಎರಡೇ ಬೆರಳುಗಳಲ್ಲಿ ಹಿಡಿದಿದ್ದ. ಹೆಬ್ಬೆರಳು ಗಾಳಿಯಲ್ಲಿ, ಸುಟ್ಟ ಬೆರಳಿನ ಹಾಗೆ, ದೂರ ನಿಂತಿತ್ತು. ಟೇಪಿನ ತುದಿ ದೆವ್ವಗಳ ಗುರಾಣಿಯ ಹತ್ತಿರ ಬಂದು ನಿಂತಿತು. ನಡುವೆ ಒಂದು ಉಗುರಿನಷ್ಟು ಜಾಗ. ಅವನು ತಲೆ ಎತ್ತಿ ಅವಳ ಮುಖ ನೋಡಿದ. ಒಂದು ಉಗುರು ಏನು ಮಹಾ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು, ಬಂದದ್ದು ಜೀವಿತಾಳ ದನಿಯಲ್ಲಿ. ಅವಳು ಅದನ್ನು ನುಂಗಿದಳು.

"ಮುಟ್ಟೂದಿಲ್ಲ," ಎಂದಳು.

"ಹೌದು. ಮುಟ್ಟೂದಿಲ್ಲ." ಅವನು ಉಸಿರು ಬಿಟ್ಟು, ಕುದುರೆಗಳನ್ನು ಬಯಲಿನ ನಡುವೆ, ಯಾವ ಆಸರೆಯೂ ಇಲ್ಲದಲ್ಲಿ, ತಂದು ನಿಲ್ಲಿಸಿದ. "ಈಗ ನಿನ್ನ ಪಾಳಿ."

ಗುಡ್ಡದ ಹಿಂದಿದ್ದ ಗುಂಪಿಗೆ ಅವು ಈಗ ತೀರ ಹತ್ತಿರದಲ್ಲಿದ್ದವು, ಮಗ್ಗುಲು ತೆರೆದುಕೊಂಡು. ಬೇಕೆಂದರೆ ತಾನು ಕೈ ತಡೆಯಬಹುದು ಎಂದು ಅವಳಿಗೆ ತಿಳಿದಿತ್ತು, ಅವನಿಗೂ ತಿಳಿದಿತ್ತು. ಕಲ್ಯಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏರಿ ಬರ್ತೀನಿ," ಎಂದು ಗಟ್ಟಿಯಾಗಿ ಹೇಳಿ, ಟೇಪಿಗಾಗಿ ಅವನ ಕಡೆಗೆ ಕೈ ಚಾಚಿದಳು.